ರುಚಿ ನೋಡುವ ಪಾಠ: ಕಪ್ಪು ಏಲ್‌ನಿಂದ ನಮ್ಮ ಸಾರಿನವರೆಗೆ



ಈ ತಲೆಬರಹ ನೋಡಿ ಕೆಲವರು “ಇವನಿಗೆ ಏನಾಯಿತು?” ಎಂದು ಕೇಳಬಹುದು. ಶುದ್ಧ ಸಸ್ಯಾಹಾರಿ ಎಂದು ಬೋರ್ಡ್ ಹಾಕಿ ಚೆನ್ನೈಯ ತಿರುವಲ್ಲಿಕ್ಕೇಣಿಯಲ್ಲಿ ಇಡ್ಲಿ, ದೋಸೆ, ಊಟ ಕೊಡುವವನು ನಾನು. ಬಿಯರ್ ನಮ್ಮ ವ್ಯಾಪಾರ ಅಲ್ಲ. ಇಲ್ಲಿ 2003ರಿಂದ ಮದ್ಯದ ಚಿಲ್ಲರೆ ಮಾರಾಟ ಸರ್ಕಾರದ ಟಾಸ್ಮಾಕ್ ಅಂಗಡಿಗಳದ್ದು. ನಮ್ಮ ಮನೆಯಲ್ಲಿಯೂ ಆ ಪದ್ಧತಿ ಇಲ್ಲ. ಆದರೂ 2022ರ ಡಿಸೆಂಬರಿನಲ್ಲಿ ಬೆಂಗಳೂರಿಗೆ ಹೋದಾಗ ಹಣ್ಣು ಮತ್ತು ಮಸಾಲೆ ಹಾಕಿದ ಒಂದು ಕಪ್ಪು ಸ್ಟ್ರಾಂಗ್ ಏಲ್‌ನ ರುಚಿ ನೋಡಿದೆ. ಒಟ್ಟು ನಾಲ್ಕು ಚಮಚ ಇರಬಹುದು. ಆ ನಾಲ್ಕು ಚಮಚದಿಂದ ನನ್ನ ಹೋಟೆಲಿನ ಒಂದೂವರೆ ವರ್ಷದ ತೊಂದರೆಗೆ ಕಾರಣ ಗೊತ್ತಾಯಿತು. ಒಬ್ಬ ಮನುಷ್ಯನಿಗೆ ನಾನು ಮಾಡುತ್ತಿದ್ದ ಅನ್ಯಾಯವೂ ಗೊತ್ತಾಯಿತು. ಅದನ್ನು ಮುಚ್ಚಿಡುವುದಕ್ಕಿಂತ ನಾಲ್ಕು ಜನರಿಗೆ ತಿಳಿಸುವುದು ಒಳ್ಳೆಯದೆಂದು ಬರೆಯುತ್ತಿದ್ದೇನೆ. ಮನೆಯವಳಿಗೆ ಓದಿ ಹೇಳಿಯೇ ಸಂಘಕ್ಕೆ ಕಳಿಸಿದ್ದೇನೆ. ಯಾರೂ ಕುಡಿಯಲು ಶುರು ಮಾಡಬೇಕೆಂದು ಹೇಳುವ ಲೇಖನ ಇದಲ್ಲ.

ಸಾರಿನ ಮೇಲೆ ದೂರು

ನಮ್ಮ ಹೋಟೆಲಿನಲ್ಲಿ ಮಧ್ಯಾಹ್ನದ ಊಟಕ್ಕೆ ಜನ ಬರುವುದೇ ಸಾರಿಗೆ. ಇಲ್ಲಿಯವರು ರಸಂ ಎನ್ನುತ್ತಾರೆ, ಆದರೆ ನಮ್ಮದು ಊರಿನ ಸಾರು. ಕೊತ್ತಂಬರಿ, ಜೀರಿಗೆ, ಮೆಂತೆ ಎಣ್ಣೆಯಲ್ಲಿ ಹುರಿದು, ಇಂಗು ಹಾಕಿ, ಕೊನೆಗೆ ತುಪ್ಪದ ಒಗ್ಗರಣೆ ಕೊಡುವ ಸಾರು. ಇಪ್ಪತ್ತೈದು ವರ್ಷದಿಂದ ಒಬ್ಬರೇ ಭಟ್ಟರು ಮಾಡುತ್ತಿದ್ದಾರೆ. ಕೆಲವರು ಊಟ ಬಿಟ್ಟು ಸಾರು ಮಾತ್ರ ಲೋಟದಲ್ಲಿ ಕೇಳಿ ಕುಡಿದು ಹೋಗುವುದುಂಟು.

2021ರ ಮೇ ತಿಂಗಳಲ್ಲಿ ಕೋವಿಡ್ ಎರಡನೇ ಅಲೆಯ ಸಮಯದಲ್ಲಿ ಭಟ್ಟರಿಗೂ ಜ್ವರ ಬಂದಿತ್ತು. ಹದಿನೈದು ದಿನ ಮಲಗಿ ಎದ್ದರು. ಹೋಟೆಲ್ ಪೂರ್ತಿ ತೆರೆದ ಮೇಲೆ ಮೊದಲಿನಂತೆಯೇ ಅಡಿಗೆಮನೆಗೆ ಬಂದರು. ಎರಡು ಮೂರು ತಿಂಗಳಾದ ಮೇಲೆ ದೂರು ಶುರುವಾಯಿತು. ಒಬ್ಬರು ಉಪ್ಪು ಜಾಸ್ತಿ ಎಂದರು. ಇನ್ನೊಬ್ಬರು ಖಾರ ಎಂದರು. ಹುಣಿಸೆಹುಳಿ ಮುಂದೆ ಬಂದಿದೆ ಎಂದು ಮನೆಯವಳೂ ಹೇಳಿದಳು. ದಿನಾ ಬರುವ ಒಬ್ಬ ರಿಟೈರ್ಡ್ ಮೇಷ್ಟ್ರು ಲೋಟ ಅರ್ಧ ಬಿಟ್ಟು ಎದ್ದು, ಗಲ್ಲಾದ ಹತ್ತಿರ ಬಂದು “ರಸಂಲ ವಾಸನೈ ಇಲ್ಲೈ ಸಾರ್” ಎಂದರು. ಸಾರಿನಲ್ಲಿ ವಾಸನೆ ಇಲ್ಲ ಎಂದು ಅರ್ಥ. ವಯಸ್ಸಾದವರು, ಅವರ ಬಾಯಿಯೇ ಕೆಟ್ಟಿರಬೇಕು ಎಂದುಕೊಂಡೆ. ಅವರು ಮತ್ತೆ ಬರಲಿಲ್ಲ.

ನಾನು ಮಾಡಿದ್ದೇನು? ಮೊದಲು ಕೊತ್ತಂಬರಿ ಅಂಗಡಿ ಬದಲಾಯಿಸಿದೆ. ಆಮೇಲೆ ಇಂಗಿನ ಕಂಪನಿ ಬದಲಾಯಿಸಿದೆ. ಕೊನೆಗೆ ಎಲ್ಲರ ಎದುರಿಗೇ ಭಟ್ಟರಿಗೆ ಎರಡು ಸಲ ಬೈದೆ. “ಕೈಯಲ್ಲಿ ಕೆಲಸ ಇದೆ, ಮನಸ್ಸು ಇಲ್ಲ” ಎಂದೆ. ಅವರು ತಲೆ ತಗ್ಗಿಸಿ ನಿಂತರೇ ಹೊರತು ಉತ್ತರ ಕೊಡಲಿಲ್ಲ. ಬೇರೆ ಅಡಿಗೆಯವರು ಸಿಗುತ್ತಾರೋ ಎಂದು ಕುಂದಾಪುರದ ಕಡೆ ಒಂದಿಬ್ಬರಿಗೆ ಹೇಳಿಯೂ ಇಟ್ಟಿದ್ದೆ. ಇಷ್ಟು ಆಗಿದ್ದಾಗ ಬೆಂಗಳೂರಿಗೆ ಒಂದು ಮದುವೆಗೆ ಹೋದೆ.

ಏಲ್ ಅಂದರೆ ಏನು?

ನನ್ನ ಅಕ್ಕನ ಮಗ ಇಂದಿರಾನಗರದ ಕಡೆ ಒಂದು ಬ್ರೂ ಪಬ್‌ನಲ್ಲಿ ಬಿಯರ್ ತಯಾರಿಸುವ ಕೆಲಸದಲ್ಲಿದ್ದಾನೆ. ಅಲ್ಲಿಯೇ ತಯಾರಿಸಿ ಅಲ್ಲಿಯೇ ಮಾರುವ ಇಂಥ ಜಾಗಗಳು ಬೆಂಗಳೂರಿನಲ್ಲಿ 2010ರ ನಂತರ ಬಂದವು. ಮದುವೆ ಮರುದಿನ ಬೆಳಿಗ್ಗೆ, ಗಿರಾಕಿಗಳಿಲ್ಲದ ಹೊತ್ತಿನಲ್ಲಿ, “ಮಾವ, ಕುಡಿಯೋದು ಬೇಡ, ಅಡಿಗೆಮನೆ ನೋಡಿ ಹೋಗಿ” ಎಂದು ಕರೆದುಕೊಂಡು ಹೋದ. ಹೋಗಿ ನೋಡಿದರೆ ನಿಜವಾಗಿಯೂ ಅಡಿಗೆಮನೆಯೇ. ದೊಡ್ಡ ಸ್ಟೀಲ್ ಪಾತ್ರೆ, ಸ್ಟೀಮ್, ತೂಕದ ತಕ್ಕಡಿ. ಮೂಲೆಯಲ್ಲಿ ಕೊತ್ತಂಬರಿ ಚೀಲ!

ಅವನು ಹೇಳಿದ್ದನ್ನು ನಮ್ಮ ಭಾಷೆಯಲ್ಲಿ ಹೇಳುತ್ತೇನೆ. ಬಾರ್ಲಿಯನ್ನು ನೆನೆಸಿ, ಮೊಳಕೆ ಬರಿಸಿ, ಒಣಗಿಸಿದರೆ ಮಾಲ್ಟ್. ನಾವು ರಾಗಿ ಮೊಳಕೆ ಕಟ್ಟಿ ಹುರಿದು ಹಿಟ್ಟು ಮಾಡುವ ಹಾಗೆಯೇ. ಈ ಮಾಲ್ಟನ್ನು ಬಿಸಿನೀರಿನಲ್ಲಿ ನೆನೆಸಿದರೆ ಸಿಹಿ ನೀರು ಬರುತ್ತದೆ. ಅದಕ್ಕೆ ಹಾಪ್ಸ್ ಎಂಬ ಬಳ್ಳಿಯ ಹೂವು ಹಾಕಿ ಕುದಿಸಿದರೆ ಕಹಿ ಬರುತ್ತದೆ. ತಣಿದ ಮೇಲೆ ಈಸ್ಟ್ ಹಾಕಿ ಹುದುಗಿಸುತ್ತಾರೆ. ಅಂಗಡಿಯಲ್ಲಿ ಸಾಮಾನ್ಯವಾಗಿ ಸಿಗುವ ಬಿಯರ್ ಲಾಗರ್ ಜಾತಿಯದು, ತಣ್ಣಗೆ ನಿಧಾನವಾಗಿ ಹುದುಗುತ್ತದೆ. ಏಲ್ ಜಾತಿಯದು ಸ್ವಲ್ಪ ಬೆಚ್ಚಗೆ, 18ರಿಂದ 24 ಡಿಗ್ರಿಯಲ್ಲಿ ಬೇಗ ಹುದುಗುತ್ತದೆ. ಬೆಚ್ಚಗೆ ಹುದುಗಿದಾಗ ವಾಸನೆ ಹೆಚ್ಚು. ಡಿಸೆಂಬರಿನ ದೋಸೆ ಹಿಟ್ಟಿಗೂ ಮೇ ತಿಂಗಳ ದೋಸೆ ಹಿಟ್ಟಿಗೂ ಇರುವ ವ್ಯತ್ಯಾಸ ಬಲ್ಲವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ.

ಕಪ್ಪು ಬಣ್ಣ ಎಲ್ಲಿಂದ? ಹುರಿಯುವುದರಿಂದ. ಕಾಫಿ ಬೀಜ ಹುರಿದ ಹಾಗೆ ಮಾಲ್ಟನ್ನೂ ಕಡಿಮೆ, ಮಧ್ಯಮ, ಕಡು ಎಂದು ಹುರಿಯುತ್ತಾರೆ. ಸ್ಟ್ರಾಂಗ್ ಎಂದರೆ ಆಲ್ಕೋಹಾಲ್ ಹೆಚ್ಚು. ಮಾಮೂಲು ಬಿಯರಿನಲ್ಲಿ ಸುಮಾರು 5 ಪರ್ಸೆಂಟ್ ಇದ್ದರೆ ಅವನು ಮಾಡಿದ್ದರಲ್ಲಿ ಏಳೂವರೆ. ಇಂಥ ಗಟ್ಟಿ ಏಲ್‌ಗೆ ಹೆಸರಾದ ದೇಶ ಬೆಲ್ಜಿಯಂ. ಅಲ್ಲಿ ಕ್ರೈಸ್ತ ಸನ್ಯಾಸಿಗಳ ಮಠಗಳಲ್ಲೂ ಇದನ್ನು ತಯಾರಿಸುತ್ತಾರೆ. ಶಿಮೇ ಎಂಬ ಬ್ರಾಂಡಿನ ನೀಲಿ ಲೇಬಲ್ಲಿನ ಏಲ್ 9 ಪರ್ಸೆಂಟಿನದು. ಅದು ಕ್ರಿಸ್ಮಸ್ ಹಬ್ಬಕ್ಕೆಂದು ಶುರುವಾದದ್ದು. ಚಳಿ ದೇಶದಲ್ಲಿ ಹಬ್ಬಕ್ಕೆ ಗಟ್ಟಿಯಾದ, ಮೈ ಬಿಸಿ ಮಾಡುವ ಪಾನೀಯ ಬೇಕಲ್ಲ. ನಮ್ಮಲ್ಲಿ ಮಳೆಗಾಲಕ್ಕೆ ಕಷಾಯ ಇದ್ದ ಹಾಗೆ.

ನನ್ನ ಅಳಿಯನೂ ಕ್ರಿಸ್ಮಸ್‌ಗೆಂದೇ ಮಾಡಿದ್ದ. 500 ಲೀಟರಿಗೆ ಕೊತ್ತಂಬರಿ 400 ಗ್ರಾಂ, ಒಣಗಿಸಿದ ಕಿತ್ತಳೆ ಸಿಪ್ಪೆ 400 ಗ್ರಾಂ, ಚಕ್ಕೆ 100 ಗ್ರಾಂ, ಲವಂಗ ಬರೀ 20 ಗ್ರಾಂ. ಒಣದ್ರಾಕ್ಷಿ ಮತ್ತು ಖರ್ಜೂರ ಬೇಯಿಸಿ ಹುದುಗುವ ಟ್ಯಾಂಕಿಗೆ ಹಾಕಿದ್ದ. ಮಸಾಲೆ ಯಾವಾಗ ಹಾಕುತ್ತೀ ಎಂದು ಕೇಳಿದೆ. “ಕುದಿಯೋದು ಮುಗಿಯಲು ಐದು ನಿಮಿಷ ಇರುವಾಗ, ಮಾವ. ಮೊದಲೇ ಹಾಕಿದರೆ ವಾಸನೆಯೆಲ್ಲ ಹಬೆಯಲ್ಲಿ ಹೋಗಿಬಿಡುತ್ತದೆ” ಎಂದ. ಈ ಮಾತನ್ನು ನೆನಪಿಡಿ, ಮುಂದೆ ಬೇಕಾಗುತ್ತದೆ.

ರುಚಿ ನೋಡುವ ಕ್ರಮ

ನಾನು ಬೇಡವೆಂದೆ. ಅವನು, “ಇದು ಕುಡಿತ ಅಲ್ಲ, ಪರೀಕ್ಷೆ. ಕಾಫಿ ಬೋರ್ಡಿನವರು ಚಮಚದಲ್ಲಿ ಕಾಫಿ ನೋಡುವುದಿಲ್ಲವೇ?” ಎಂದ. ಅದು ನಿಜ. ಬೆಂಗಳೂರಿನ ಕಾಫಿ ಬೋರ್ಡಿನಲ್ಲಿ ಕಾಫಿಯನ್ನು ಚಮಚದಲ್ಲಿ ಸೊರ್ ಎಂದು ಎಳೆದು, ಬಾಯೆಲ್ಲ ಆಡಿಸಿ ಉಗಿಯುತ್ತಾರೆ. ‘ಕಾಪಿ ಶಾಸ್ತ್ರ’ ಎಂಬ ಹೆಸರಿನಲ್ಲಿ ತರಬೇತಿಯನ್ನೂ ನಡೆಸುತ್ತಾರೆ. ಒಪ್ಪಿದೆ. ಅವನು ಕಲಿಸಿದ ಕ್ರಮ ಹೀಗಿತ್ತು.

ಮೊದಲು ಬಾಯಿ ತೊಳೆಯಬೇಕು. ಅರ್ಧ ಗಂಟೆ ಮೊದಲಿನಿಂದ ಕಾಫಿ, ಎಲೆಅಡಿಕೆ, ಸಿಗರೇಟು ಏನೂ ಆಗಬಾರದು. ಸೆಂಟ್ ಹಾಕಿಕೊಂಡಿರಬಾರದು. ಗ್ಲಾಸು ಹೊಟ್ಟೆ ಅಗಲ, ಬಾಯಿ ಕಿರಿದು ಇರಬೇಕು, ವಾಸನೆ ಒಳಗೇ ನಿಲ್ಲಲಿ ಎಂದು. ಮೂರನೇ ಒಂದು ಭಾಗ ಮಾತ್ರ ತುಂಬಿಸಬೇಕು. ಇದನ್ನು ಐಸ್‌ನಂತೆ ತಣ್ಣಗೆ ಕೊಡುವುದಿಲ್ಲ. 12 ಡಿಗ್ರಿ ಆಸುಪಾಸು ಇರಬೇಕು. ತೀರಾ ತಣ್ಣಗಿದ್ದರೆ ವಾಸನೆ ಏಳುವುದಿಲ್ಲ, ನಾಲಿಗೆಗೂ ಸಿಹಿ ಗೊತ್ತಾಗುವುದಿಲ್ಲ.

ಆಮೇಲೆ ಕಣ್ಣು. ಬೆಳಕಿಗೆ ಹಿಡಿದರೆ ಕಪ್ಪು ಅನಿಸಿದ್ದು ನಿಜವಾಗಿ ಕೆಂಪು ಕಂದು, ನಮ್ಮ ಹಳೆ ಬೆಲ್ಲದ ಪಾಕದ ಬಣ್ಣ. ಮೇಲೆ ಕಂದು ನೊರೆ.

ಆಮೇಲೆ ಮೂಗು. ಒಂದೇ ಸಲ ದೀರ್ಘವಾಗಿ ಎಳೆಯದೆ ಎರಡು ಮೂರು ಸಣ್ಣ ಉಸಿರು. ನನಗೆ ಮೊದಲು ಬಂದದ್ದು ಸುಟ್ಟ ಬೆಲ್ಲ, ಆಮೇಲೆ ಒಣದ್ರಾಕ್ಷಿ, ಸ್ವಲ್ಪ ಬಾಳೆಹಣ್ಣು, ಕೊನೆಗೆ ಲವಂಗ. “ಬಾಳೆಹಣ್ಣು ಹಾಕಿದ್ದೀಯಾ?” ಎಂದು ಕೇಳಿದೆ. ಹಾಕಿಲ್ಲವಂತೆ. ಈಸ್ಟ್ ಹುದುಗುವಾಗ ಎಸ್ಟರ್ ಎಂಬ ಪದಾರ್ಥಗಳು ಹುಟ್ಟುತ್ತವೆ, ಬಾಳೆಹಣ್ಣಿನ ವಾಸನೆಯೂ ಅದೇ ಜಾತಿಯದು. ಲವಂಗದ ವಾಸನೆಯೂ ಸ್ವಲ್ಪ ಈಸ್ಟ್‌ನಿಂದಲೇ ಬರುತ್ತದೆ. ಬೆಲ್ಜಿಯಂನ ಎಷ್ಟೋ ಏಲ್‌ಗಳಲ್ಲಿ ಹಣ್ಣು ಹಾಕದೆಯೇ ಹಣ್ಣಿನ ವಾಸನೆ ಇರುತ್ತದಂತೆ.

ಆಮೇಲೆ ಒಂದು ಚಮಚದಷ್ಟು ಬಾಯಿಗೆ. ಮೊದಲು ಸಿಹಿ. ನಡುವೆ ಒಣಹಣ್ಣು, ಕಿತ್ತಳೆ ಸಿಪ್ಪೆ. ಕೊತ್ತಂಬರಿ ಸ್ಪಷ್ಟವಾಗಿ ಬಂತು, ಆದರೆ ಹುರಿದ ಕೊತ್ತಂಬರಿ ಅಲ್ಲ, ಹಸಿಯಾಗಿ ಜಜ್ಜಿದ್ದು. ಅದರಲ್ಲಿ ನಿಂಬೆಯ ಛಾಯೆ ಇರುತ್ತದೆ. ನುಂಗಿದ ಮೇಲೆ ಕಹಿ, ಎದೆಯಲ್ಲಿ ಸಣ್ಣ ಬಿಸಿ. ಅರ್ಧ ನಿಮಿಷವಾದರೂ ಚಕ್ಕೆ ಲವಂಗ ಬಾಯಲ್ಲಿ ಉಳಿದಿತ್ತು. ನನಗೆ ಇಷ್ಟವಾಯಿತೇ ಎಂದು ಕೇಳಿದರೆ, ಇಲ್ಲ, ಆ ಕಹಿ ನನಗೆ ಒಗ್ಗಲಿಲ್ಲ. ಆದರೆ ಮಾಡಿದವನ ಕೈ ಒಳ್ಳೆಯದು ಎಂದು ಗೊತ್ತಾಯಿತು. ಲವಂಗ ಮುಂದೆ ಬಂದಿರಲಿಲ್ಲ, ಯಾವುದೂ ಇನ್ನೊಂದನ್ನು ತುಳಿದಿರಲಿಲ್ಲ.

ಮೂಗು ಮುಚ್ಚಿದಾಗ

ಇನ್ನು ಮುಖ್ಯ ಪಾಠ. ನೀರು ಕುಡಿಸಿ, ಒಂದು ತುಂಡು ಸಪ್ಪೆ ಬ್ರೆಡ್ ತಿನ್ನಿಸಿ, “ಈಗ ಮೂಗು ಬಿಗಿಯಾಗಿ ಹಿಡಿದುಕೊಂಡು ಅದನ್ನೇ ಇನ್ನೊಂದು ಚಮಚ ನೋಡಿ ಮಾವ” ಎಂದ.

ನೋಡಿದೆ. ದ್ರಾಕ್ಷಿ ಇಲ್ಲ. ಕಿತ್ತಳೆ ಇಲ್ಲ. ಕೊತ್ತಂಬರಿ, ಚಕ್ಕೆ, ಲವಂಗ ಯಾವುದೂ ಇಲ್ಲ. ಸಿಹಿ ಇದೆ, ಕಹಿ ಇದೆ, ಬಿಸಿ ಇದೆ, ಅಷ್ಟೇ. ಬೆಲ್ಲದ ನೀರಿಗೆ ಬೇವು ಹಾಕಿದ ಹಾಗಿತ್ತು. ಬಾಯಲ್ಲಿ ಇರುವಾಗಲೇ ಮೂಗು ಬಿಟ್ಟೆ. ಸ್ವಿಚ್ ಹಾಕಿದ ಹಾಗೆ ಎಲ್ಲವೂ ಬಂತು.

ಅವನು ವಿವರಿಸಿದ. ನಾಲಿಗೆಗೆ ಗೊತ್ತಾಗುವುದು ಸಿಹಿ, ಹುಳಿ, ಉಪ್ಪು, ಕಹಿ ಮತ್ತು ಉಮಾಮಿ ಎನ್ನುವ ಐದನೆಯದು ಮಾತ್ರ. ಟೊಮೇಟೊ, ಅಣಬೆಗಳಲ್ಲಿ ಇರುವುದು ಆ ಐದನೆಯದು. ಖಾರ ರುಚಿಯಲ್ಲ, ಚರ್ಮಕ್ಕೂ ಗೊತ್ತಾಗುವ ಉರಿ. ಒಗರು ಬಾಯಿ ಬಿಗಿಯುವ ಅನುಭವ. ಉಳಿದದ್ದೆಲ್ಲ, ನಾವು ರುಚಿ ರುಚಿ ಎನ್ನುವ ಜೀರಿಗೆ, ಇಂಗು, ಕರಿಬೇವು, ತುಪ್ಪ, ಕಾಫಿಯ ಪರಿಮಳ, ಎಲ್ಲವೂ ವಾಸನೆ. ಅಗಿಯುವಾಗ, ನುಂಗುವಾಗ ಗಂಟಲಿನ ಹಿಂದಿನಿಂದ ಅದು ಮೂಗಿಗೆ ಏರುತ್ತದೆ. ನಮಗೆ ಬಾಯಲ್ಲೇ ಆದ ಹಾಗೆ ಅನಿಸುತ್ತದೆ.

ಓದುವವರು ಈಗಲೇ ಮಾಡಿ ನೋಡಬಹುದು, ಬಿಯರ್ ಬೇಡ. ಮೂಗು ಹಿಡಿದುಕೊಂಡು ಒಂದು ಚಿಟಿಕೆ ಸಕ್ಕರೆಯೊಂದಿಗೆ ನಾಲ್ಕು ಕಾಳು ಜೀರಿಗೆ ಅಗಿಯಿರಿ. ಸಿಹಿ, ಸ್ವಲ್ಪ ಕಹಿ. ಮೂಗು ಬಿಡಿ. ಆಗ ಜೀರಿಗೆ ಬರುತ್ತದೆ.

ಅಲ್ಲಿ ಗ್ಲಾಸು ಹಿಡಿದು ನಿಂತಿದ್ದಾಗ ನನಗೆ ಮೇಷ್ಟ್ರ ಮಾತು ನೆನಪಾಯಿತು. ವಾಸನೈ ಇಲ್ಲೈ. ಸಾರಿನಲ್ಲಿ ಹೆಚ್ಚಾದದ್ದು ಉಪ್ಪು, ಹುಳಿ, ಖಾರ. ಮೂಗು ಮುಚ್ಚಿದರೂ ಉಳಿಯುವುದು ಅವೇ! ಕಡಿಮೆಯಾದದ್ದು ಕೊತ್ತಂಬರಿ, ಇಂಗು, ತುಪ್ಪ. ಮೂಗಿಲ್ಲದಿದ್ದರೆ ಹೋಗುವುದು ಅವೇ! ಇನ್ನೊಂದು ಸಂಗತಿಯೂ ನೆನಪಾಯಿತು. ಭಟ್ಟರು ಜ್ವರ ಬಿಟ್ಟ ಮೇಲೆ ಕಾಫಿ ಬಿಟ್ಟಿದ್ದರು. ದಿನಕ್ಕೆ ಆರು ಲೋಟ ಕುಡಿಯುತ್ತಿದ್ದವರು. ಶುಗರ್ ಇರಬೇಕು ಎಂದುಕೊಂಡು ನಾನು ಕೇಳಿಯೇ ಇರಲಿಲ್ಲ. ಅಳಿಯನಿಗೆ ಹೇಳಿದೆ. ಕೋವಿಡ್ ಬಂದು ಹೋದ ಮೇಲೆ ಕೆಲವರಿಗೆ ಕಾಫಿ, ಈರುಳ್ಳಿ, ಬೆಳ್ಳುಳ್ಳಿ ಕೊಳೆತ ವಾಸನೆ ಬರುತ್ತದೆ ಎಂದು ಅವನು ಹೇಳಿದ. ಅವನ ಜೊತೆ ಕೆಲಸ ಮಾಡುವ ಒಬ್ಬನಿಗೂ ಹಾಗೆ ಆಗಿತ್ತಂತೆ.

ಮೂರು ಲೋಟದ ಪರೀಕ್ಷೆ

ಊರಿಗೆ ಹೊರಡುವ ಮೊದಲು ಅವನು ಇನ್ನೊಂದು ಉಪಾಯ ಹೇಳಿಕೊಟ್ಟ. ಹಳೆಯದಕ್ಕೂ ಹೊಸದಕ್ಕೂ ನಿಜವಾಗಿ ವ್ಯತ್ಯಾಸ ಇದೆಯೇ, ಅಥವಾ ನಮ್ಮ ಭ್ರಮೆಯೇ ಎಂದು ತಿಳಿಯುವ ಉಪಾಯ. 1940ರ ದಶಕದಲ್ಲಿ ಡೆನ್ಮಾರ್ಕಿನ ಕಾರ್ಲ್ಸ್‌ಬರ್ಗ್ ಬಿಯರ್ ಕಾರ್ಖಾನೆಯಲ್ಲಿ ಇದನ್ನು ಬಳಕೆಗೆ ತಂದರು. ಮೂರು ಲೋಟ ಇಡುವುದು. ಎರಡರಲ್ಲಿ ಒಂದೇ ಮಾಲು, ಒಂದರಲ್ಲಿ ಬೇರೆ. ಬೇರೆ ಯಾವುದು ಹೇಳಿ ಎಂದು ಕೇಳುವುದು. ಯಾವುದು ಚೆನ್ನಾಗಿದೆ ಎಂದು ಕೇಳಬಾರದು.

ಇದಕ್ಕೆ ಲೆಕ್ಕವೂ ಇದೆ. ಸುಮ್ಮನೆ ಊಹೆ ಮಾಡಿದರೂ ಮೂರರಲ್ಲಿ ಒಂದು ಸಲ ಸರಿಯಾಗುತ್ತದೆ. ಆರು ಜನ ಊಹೆ ಮಾಡಿದರೆ ಸರಾಸರಿ ಇಬ್ಬರದು ಸರಿ. ಐವರು ಅಥವಾ ಆರೂ ಜನ ಸರಿ ಹೇಳಿದರೆ ಅದು ಬರೀ ಊಹೆಯಿಂದ ಆಗಿರುವ ಸಾಧ್ಯತೆ ನೂರಕ್ಕೆ ಎರಡಕ್ಕಿಂತ ಕಡಿಮೆ. ಆಗ ವ್ಯತ್ಯಾಸ ನಿಜ ಎಂದು ತಿಳಿಯಬಹುದು. ಹತ್ತನೇ ಕ್ಲಾಸಿನ ಲೆಕ್ಕದಲ್ಲಿ ನಾನು ಜಾಣನಲ್ಲ, ಆದರೆ ಇದು ಅರ್ಥವಾಯಿತು. ಸ್ವಲ್ಪ ಸ್ಯಾಂಪಲ್‌ನಿಂದ ಎಷ್ಟು ನಂಬಬಹುದು ಎಂಬ ಲೆಕ್ಕವನ್ನು ಹಾಕಿದವರಲ್ಲಿ ಮುಖ್ಯನಾದ ಗೋಸೆಟ್ ಎಂಬಾತ ಕೂಡ ಬಿಯರ್ ಕಂಪನಿಯವನೇ. ಡಬ್ಲಿನ್ನಿನ ಗಿನ್ನೆಸ್‌ನಲ್ಲಿ ಕೆಲಸದಲ್ಲಿದ್ದ. 1908ರಲ್ಲಿ ‘ಸ್ಟೂಡೆಂಟ್’ ಎಂಬ ಹೆಸರಿನಲ್ಲಿ ಆ ಲೆಕ್ಕ ಪ್ರಕಟಿಸಿದ. ಇಂದಿಗೂ ಕಾಲೇಜುಗಳಲ್ಲಿ ಅದನ್ನು ಓದಿಸುತ್ತಾರೆ.

ಚೆನ್ನೈಗೆ ಬಂದ ಮೇಲೆ ಒಂದು ಭಾನುವಾರ ಮಾಡಿದೆ. ಮನೆಯವಳು ಹಳೆ ಅಳತೆಯಲ್ಲಿ ಸಾರು ಮಾಡಿದಳು. ಹೋಟೆಲಿನ ಸಾರು ಇನ್ನೊಂದು. ಉಪ್ಪು, ಹುಳಿ ಎರಡರಲ್ಲೂ ಸಮ ಮಾಡಿದೆವು, ವಾಸನೆಯೊಂದೇ ಬೇರೆ ಇರಲಿ ಎಂದು. ಮೂವರು ಸಪ್ಲೈಯರ್, ಒಬ್ಬ ಕ್ಲೀನರ್, ಕ್ಯಾಷಿಯರ್, ದೋಸೆ ಹಾಕುವ ಹುಡುಗ, ಒಟ್ಟು ಆರು ಜನ. ಆರು ಜನಕ್ಕೂ ಲೋಟ ಇಡುವ ಕ್ರಮ ಬೇರೆ ಬೇರೆ. ಐವರು ಸರಿ ಹೇಳಿದರು. ಕ್ಲೀನರ್ ಹುಡುಗ, “ಇದು ಹಳೇ ಸಾರು ಸಾರ್, ನಾನು ಸೇರಿದಾಗ ಇತ್ತಲ್ಲ” ಎಂದ. ಒಂದೂವರೆ ವರ್ಷ ಅವನಿಗೆ ಗೊತ್ತಿತ್ತು. ನಾವು ಕೇಳಿರಲಿಲ್ಲ, ಅವನು ಹೇಳಿರಲಿಲ್ಲ.

ಭಟ್ಟರು ಹೇಳಿದ್ದು

ಆ ಪರೀಕ್ಷೆಗೆ ಭಟ್ಟರನ್ನು ಕರೆದಿರಲಿಲ್ಲ. ಎಲ್ಲರ ಎದುರು ಇನ್ನೊಮ್ಮೆ ಅವರ ಮಾನ ತೆಗೆಯುವುದು ಬೇಡವಾಗಿತ್ತು. ಮರುದಿನ ಊಟದ ರಷ್ ಮುಗಿದ ಮೇಲೆ ಸ್ಟೋರ್ ರೂಮಿಗೆ ಕರೆದು ಬಾಗಿಲು ಹಾಕಿದೆ. ಮೂರು ಡಬ್ಬಿ ಇಟ್ಟಿದ್ದೆ. ಒಂದರಲ್ಲಿ ಹುರಿದ ಕೊತ್ತಂಬರಿ ಪುಡಿ, ಒಂದರಲ್ಲಿ ಇಂಗು, ಒಂದರಲ್ಲಿ ಏನೂ ಇಲ್ಲ.

“ಭಟ್ರೇ, ಕಣ್ಣು ಮುಚ್ಚಿ ಇದು ಏನು ಹೇಳಿ” ಎಂದೆ.

ಮೂರನ್ನೂ ಮೂಸಿದರು. ಬಹಳ ಹೊತ್ತು ಸುಮ್ಮನಿದ್ದರು. ಆಮೇಲೆ ಕಣ್ಣು ತೆರೆದು, “ರಾಯರೇ, ಆ ಜ್ವರ ಬಂದಾಗಿನಿಂದ ಮೂಗು ಸತ್ತಿದೆ. ಕೈ ಅಂದಾಜಿನಲ್ಲಿ ಮಾಡ್ತಾ ಇದ್ದೇನೆ. ಹೇಳಿದರೆ ಊರಿಗೆ ಕಳಿಸ್ತೀರಿ ಅಂತ ಹೇಳಲಿಲ್ಲ” ಎಂದರು.

ಬೇರೆ ಅಡಿಗೆಯವರನ್ನು ಹುಡುಕುತ್ತಿದ್ದವನು ನಾನು. ಅವರ ಹೆದರಿಕೆ ಸುಳ್ಳಾಗಿರಲಿಲ್ಲ. ಏನು ಹೇಳಬೇಕೆಂದು ತಿಳಿಯದೆ, “ಬೈದದ್ದು ತಪ್ಪಾಯಿತು ಭಟ್ರೇ” ಎಂದೆ. ಮರುದಿನ ಕೆಲಸದವರ ಎದುರಿಗೂ ಅದನ್ನೇ ಹೇಳಿದೆ. ಬೈದದ್ದು ಅವರ ಎದುರಿಗೆ ಆಗಿದ್ದರಿಂದ ಇದೂ ಅವರ ಎದುರಿಗೇ ಆಗಬೇಕಿತ್ತು.

ಕಿವಿ ಮೂಗು ಗಂಟಲು ಡಾಕ್ಟರಿಗೆ ತೋರಿಸಿದೆವು. ಅವರು ಮೂಗಿಗೆ ವ್ಯಾಯಾಮ ಹೇಳಿದರು. ಗುಲಾಬಿ, ನಿಂಬೆ, ಲವಂಗ, ನೀಲಗಿರಿ ಈ ನಾಲ್ಕು ಎಣ್ಣೆಗಳನ್ನು ಬೆಳಿಗ್ಗೆ ಸಂಜೆ ಒಂದೊಂದಾಗಿ ಮೂಸುವುದು. ಮೂಸುವಾಗ ಆ ವಾಸನೆಯನ್ನು ಮನಸ್ಸಿನಲ್ಲಿ ನೆನೆಸಿಕೊಳ್ಳಬೇಕು. ಕಡಿಮೆ ಎಂದರೆ ಹನ್ನೆರಡು ವಾರ. ಜರ್ಮನಿಯ ಡ್ರೆಸ್ಡೆನ್‌ನಲ್ಲಿ ಹುಮ್ಮೆಲ್ ಎಂಬ ಡಾಕ್ಟರು 2009ರಲ್ಲಿ ಈ ಪದ್ಧತಿಯ ಬಗ್ಗೆ ಪ್ರಕಟಿಸಿದ್ದರಂತೆ. ಎಲ್ಲರಿಗೂ ಗುಣ ಆಗುತ್ತದೆ ಎನ್ನುವಂತಿಲ್ಲ, ಖರ್ಚೂ ಅಪಾಯವೂ ಇಲ್ಲ, ಮಾಡಿ ಎಂದರು.

ಭಟ್ಟರು ಜಪ ಮಾಡಿದ ಹಾಗೆ ಮಾಡಿದರು. ಮೂರನೇ ತಿಂಗಳಲ್ಲಿ ನಿಂಬೆ ಬಂತು. ಐದನೇ ತಿಂಗಳಲ್ಲಿ ಕೊತ್ತಂಬರಿ ಹುರಿಯುವಾಗ ಓಡಿ ಬಂದು “ಬಂತು ರಾಯರೇ” ಎಂದರು. ಇಂಗು ಈಗಲೂ ಸರಿಯಾಗಿ ಬಂದಿಲ್ಲ, ಸುಟ್ಟ ರಬ್ಬರಿನ ಹಾಗೆ ಅನಿಸುತ್ತದಂತೆ. ಅದಕ್ಕೆ ದೋಸೆ ಹಾಕುವ ಹುಡುಗ ಇಂಗಿನ ಮೂಗು, ಭಟ್ಟರು ಉಳಿದದ್ದಕ್ಕೆ. ಸಾರು ಮೊದಲಿನ ಹಾಗಾಗಿದೆ. ಮೇಷ್ಟ್ರಿಗೆ ಮಾತ್ರ ಹೇಳಿ ಕಳಿಸಲು ಅವರ ಮನೆ ನನಗೆ ಗೊತ್ತಿಲ್ಲ.

ನಾವು ಮಾಡಬೇಕಾದದ್ದು

1. ರುಚಿ ನೋಡುವುದಕ್ಕೆ ಹೊತ್ತು ಗೊತ್ತು ಮಾಡಿ. ಊಟ ಶುರುವಾಗುವ ಕಾಲು ಗಂಟೆ ಮೊದಲು, ಎಲೆಅಡಿಕೆ, ಕಾಫಿ ಇಲ್ಲದ ಬಾಯಿ. ದೇವರ ಪಟದ ಮುಂದೆ ಊದುಬತ್ತಿ ಹೊಗೆಯಲ್ಲಿ ನಿಂತು ನೋಡಬೇಡಿ.

2. ಕುದಿಯುವುದನ್ನು ಅಂಗೈಗೆ ಹಾಕಿ ನೆಕ್ಕಿದರೆ ನಾಲಿಗೆ ಸುಡುತ್ತದೆಯೇ ಹೊರತು ರುಚಿ ಗೊತ್ತಾಗುವುದಿಲ್ಲ. ಸಣ್ಣ ಬಟ್ಟಲಿಗೆ ಹಾಕಿ, ಗಿರಾಕಿ ಕುಡಿಯುವಷ್ಟು ಬಿಸಿಗೆ ಇಳಿದ ಮೇಲೆ ನೋಡಿ. ಮೊದಲು ಮೂಸಿ, ಆಮೇಲೆ ಬಾಯಿಗೆ. ಎರಡು ಪದಾರ್ಥಗಳ ನಡುವೆ ಉಗುರುಬೆಚ್ಚಗಿನ ನೀರು, ಒಂದು ತುತ್ತು ಸಪ್ಪೆ ಅನ್ನ.

3. ಸಪ್ಪೆಯದು ಮೊದಲು, ಖಾರದ್ದು ಕೊನೆಗೆ. ತೊವ್ವೆ, ಪಲ್ಯ, ಸಾಂಬಾರ್, ಸಾರು, ಕೊನೆಗೆ ಉಪ್ಪಿನಕಾಯಿ. ಕಾಫಿ ಡಿಕಾಕ್ಷನ್ ನೋಡುವಾಗ ಹಾಲು ಸಕ್ಕರೆ ಹಾಕದೆ, ಬಿಸಿನೀರು ಬೆರೆಸಿ ನೋಡಿ. ಸಕ್ಕರೆ ಎಲ್ಲ ತಪ್ಪನ್ನೂ ಮುಚ್ಚುತ್ತದೆ.

4. ಸಾರಿನ ಪುಡಿ, ಇಂಗು, ಒಗ್ಗರಣೆ ಕೊನೆಗೆ. ಅಳಿಯ ಹೇಳಿದ ಐದು ನಿಮಿಷದ ಮಾತು ನಮಗೂ ಸತ್ಯ. ಹನ್ನೊಂದಕ್ಕೆ ಮಾಡಿದ ಸಾರು ಮೂರರವರೆಗೆ ಕುದಿಯುತ್ತಾ ಇದ್ದರೆ ವಾಸನೆ ಚಿಮಣಿಯಲ್ಲಿ ಹೋಗಿರುತ್ತದೆ. ನಾವು ಈಗ ತಿಳಿ ಮಾತ್ರ ಒಟ್ಟಿಗೆ ಮಾಡಿ, ಪುಡಿ ಮತ್ತು ಒಗ್ಗರಣೆಯನ್ನು ಗಂಟೆಗೊಮ್ಮೆ ಬೇಕಾದಷ್ಟಕ್ಕೆ ಕೊಡುತ್ತೇವೆ. ತುಪ್ಪ ಹೆಚ್ಚು ಹಿಡಿದಿಲ್ಲ.

5. ಅಂಗಡಿ, ಬ್ರಾಂಡ್, ಅಳತೆ ಬದಲಾಯಿಸುವ ಮೊದಲು ಮೂರು ಲೋಟದ ಪರೀಕ್ಷೆ. ಕಾಫಿಪುಡಿಗೆ ಚಿಕೋರಿ ಸೇರಿಸುವಾಗ ಇದು ಬಹಳ ಮುಖ್ಯ. ಕಾನೂನಿನಲ್ಲಿ ಚಿಕೋರಿ 49 ಪರ್ಸೆಂಟ್ ಮೀರಬಾರದು ಎಂದಿದೆ. ಆದರೆ ನಿಮ್ಮ ಗಿರಾಕಿ ಎದ್ದು ಹೋಗುವುದು ಎಷ್ಟು ಪರ್ಸೆಂಟಿಗೆ ಎಂದು ಕಾನೂನು ಹೇಳುವುದಿಲ್ಲ. ಆರು ಲೋಟದ ಕ್ರಮ ಹೀಗೆ ಇಡಿ: ಹಳೆ ಹಳೆ ಹೊಸ, ಹಳೆ ಹೊಸ ಹಳೆ, ಹೊಸ ಹಳೆ ಹಳೆ, ಹೊಸ ಹೊಸ ಹಳೆ, ಹೊಸ ಹಳೆ ಹೊಸ, ಹಳೆ ಹೊಸ ಹೊಸ. ಒಬ್ಬೊಬ್ಬರಿಗೆ ಒಂದೊಂದು ಕ್ರಮ. ಇಟ್ಟವರು ರುಚಿ ನೋಡಬಾರದು.

6. ಆರು ತಿಂಗಳಿಗೊಮ್ಮೆ ಅಡಿಗೆಯವರ ಮೂಗು ನೋಡಿ. ಕಣ್ಣಿಗೆ, ಶುಗರಿಗೆ ಕ್ಯಾಂಪ್ ಮಾಡುತ್ತೇವೆ, ಮೂಗಿಗೆ ಇಲ್ಲ. ಕಾಫಿಪುಡಿ, ಕೊತ್ತಂಬರಿ, ತುಪ್ಪ ಸಾಕು. ಕರ್ಪೂರ, ಮೆಣಸು, ತಲೆನೋವಿನ ಮುಲಾಮು ಇಡಬೇಡಿ. ಅವುಗಳ ಚುರುಕು ವಾಸನೆ ಗೊತ್ತಾಗದವರಿಗೂ ಗೊತ್ತಾಗುತ್ತದೆ, ಪರೀಕ್ಷೆ ತಪ್ಪಾಗುತ್ತದೆ. ನಾಲ್ಕು ಗೋಡೆಯ ಒಳಗೆ ಮಾಡಿ. ಗೊತ್ತಾಗದಿದ್ದರೆ ಕೆಲಸ ಹೋಗುವುದಿಲ್ಲ ಎಂದು ಮೊದಲೇ ಹೇಳಿ. ಅದು ಹೇಳದಿದ್ದರೆ ಯಾರೂ ನಿಜ ಹೇಳುವುದಿಲ್ಲ.

7. ಗ್ಯಾಸ್. ಎಲ್‌ಪಿಜಿಗೆ ಸ್ವಂತ ವಾಸನೆ ಇಲ್ಲ. ಸೋರಿದರೆ ತಿಳಿಯಲಿ ಎಂದೇ ಅದಕ್ಕೆ ಕೆಟ್ಟ ವಾಸನೆಯ ಪದಾರ್ಥ ಸೇರಿಸುತ್ತಾರೆ. ಬೆಳಗಿನ ಜಾವ ನಾಲ್ಕಕ್ಕೆ ಒಬ್ಬರೇ ಬಂದು ಒಲೆ ಹಚ್ಚುವ ಅಡಿಗೆಯವರಿಗೆ ಮೂಗು ಇಲ್ಲದಿದ್ದರೆ ಏನಾಗಬಹುದು, ನೀವೇ ಯೋಚಿಸಿ. ಒಂದೂವರೆ ವರ್ಷ ನಮ್ಮ ಹೋಟೆಲಿನ ಒಲೆ ಹಾಗೆಯೇ ಹತ್ತಿದೆ. ದೇವರ ದಯೆ, ಏನೂ ಆಗಲಿಲ್ಲ. ಈಗ ಸಿಲಿಂಡರ್ ರೂಮಿನಲ್ಲಿಯೂ ಒಲೆಯ ಹತ್ತಿರವೂ ನೆಲಕ್ಕೆ ಹತ್ತಿರವಾಗಿ ಅಲಾರಂ ಹಾಕಿಸಿದ್ದೇನೆ. ಎಲ್‌ಪಿಜಿ ಗಾಳಿಗಿಂತ ಭಾರ, ಕೆಳಗೇ ನಿಲ್ಲುತ್ತದೆ.

ಕೊನೆಯ ಮಾತು

ಕೆಥೆಡ್ರಲ್ ರಸ್ತೆಯ ವುಡ್‌ಲ್ಯಾಂಡ್ಸ್ ಡ್ರೈವ್-ಇನ್ 1962ರಲ್ಲಿ ಶುರುವಾಗಿ 2008ರಲ್ಲಿ ಮುಚ್ಚಿತು. ಆ ಜಾಗದಲ್ಲಿ ಈಗ ಸೆಮ್ಮೊಳಿ ಪೂಂಗಾ ತೋಟ ಇದೆ. ಆದರೂ ನಮ್ಮ ಹೋಟೆಲಿಗೆ ಬರುವ ಹಳಬರು ಅಲ್ಲಿಯ ಕಾಫಿಯ ಪರಿಮಳದ ಮಾತೆತ್ತುತ್ತಾರೆ. ಅಲ್ಲಿಯ ಕುರ್ಚಿ ಮೇಜಿನ ಬಗ್ಗೆ ಯಾರೂ ಮಾತಾಡುವುದಿಲ್ಲ. ಉಡುಪಿ ಹೋಟೆಲು ಎಂಬ ಹೆಸರು ಈ ಊರಿನಲ್ಲಿ ನಿಂತಿರುವುದು ಬಾಗಿಲಲ್ಲೇ ಸಿಗುವ ಆ ವಾಸನೆಯ ಮೇಲೆ. ಅದನ್ನು ಕಾಯುವವರು ಒಳಗೆ ಒಲೆಯ ಮುಂದೆ ನಿಂತಿರುವವರು.

ಸಾರಿನಲ್ಲಿ ಉಪ್ಪು ಹೆಚ್ಚಾದರೆ ಬೈಯುವ ಮೊದಲು ಒಮ್ಮೆ ಡಬ್ಬಿ ಮೂಸಿಸಿ ನೋಡಿ. ನಿಮ್ಮ ಹೋಟೆಲಿನಲ್ಲಿ ಇಂಥ ಅನುಭವ ಆಗಿದ್ದರೆ ಪತ್ರಿಕೆಗೆ ಬರೆಯಿರಿ, ಎಲ್ಲರಿಗೂ ಉಪಯೋಗವಾಗುತ್ತದೆ.